ಹುಂಜದ ಉಚ್ಚಾರಣೆ ಪಾಠ

ಕೋಳಿಗೂಡಿಗೆ ಹೊಸದಾಗಿ ಬಂದ ಬಾತುಕೋಳಿಗೆ ಕೋಳಿಗಳ ಭಾಷೆ ಕಲಿಸುವ ಹೊಣೆಯನ್ನು ಮುದಿ ಹುಂಜ ತಾನಾಗಿಯೇ ಹೊತ್ತುಕೊಂಡಿತು. ಗಿಡುಗ ಕಂಡರೆ ಎಲ್ಲರನ್ನೂ ಎಚ್ಚರಿಸುವ ಕೂಗೇ ಮೊದಲ ಪಾಠ. ಬಾತುಕೋಳಿ ಬಾಯಿ ತೆರೆದಾಗಲೆಲ್ಲ ಹುಂಜಕ್ಕೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಗುತ್ತಿತ್ತು.

"ಮೂಗಿನಿಂದಲ್ಲ, ಗಂಟಲಿನಿಂದ. ಕತ್ತು ಎತ್ತು, ಕೊಕ್ಕು ಚೂಪು ಮಾಡು, ಮತ್ತೆ ಹೇಳು."

"ಆಗಲಿ, ಗುರುಗಳೇ," ಎನ್ನುತ್ತಿತ್ತು ಬಾತುಕೋಳಿ. ಹದಿನೈದು ದಿನವಾದರೂ ಅದರ ಚಪ್ಪಟೆ ಕೊಕ್ಕು ಚೂಪಾಗಲಿಲ್ಲ.

ಹದಿನಾರನೆಯ ದಿನ ಪಾಠದ ನಡುವೆ ಬಾತುಕೋಳಿ ಆಕಾಶ ನೋಡಿ ಕೂಗಿಕೊಂಡಿತು. ಹೇಂಟೆಗಳೆಲ್ಲ ಮರಿಗಳನ್ನು ಕಟ್ಟಿಕೊಂಡು ಬೇಲಿಯ ಪೊದೆಗೆ ನುಗ್ಗಿದವು. ಹುಂಜ ಮಾತ್ರ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಈಗಲೂ ಮೂಗಿನಲ್ಲೇ ಬಂತು. ಇನ್ನೊಮ್ಮೆ," ಎಂದಿತು. ಅಷ್ಟರಲ್ಲಿ ಗಿಡುಗ ಎರಗಿತು.

ಬಾಲದ ಗರಿಗಳನ್ನೆಲ್ಲ ಗಿಡುಗಕ್ಕೆ ಬಿಟ್ಟುಕೊಟ್ಟು ಹುಂಜ ಪೊದೆಯೊಳಗೆ ಬಂದು ಬಿದ್ದಿತು. ಏದುಸಿರಿನಲ್ಲೇ ಬಾತುಕೋಳಿಯನ್ನು ಗದರಿತು: "ಸರಿಯಾಗಿ ಉಚ್ಚರಿಸಿದ್ದರೆ ನನಗೆ ತಿಳಿಯುತ್ತಿತ್ತು."

ಬಾತುಕೋಳಿ ತಲೆ ತಗ್ಗಿಸಿತು. ಪಕ್ಕದಲ್ಲಿದ್ದ ಹೇಂಟೆ ರೆಕ್ಕೆಯಡಿಯ ಮರಿಯನ್ನು ತೋರಿಸಿ ಹೇಳಿತು:

"ಮೊನ್ನೆ ಮೊಟ್ಟೆಯೊಡೆದು ಬಂದ ಇದಕ್ಕೂ ತಿಳಿಯಿತಲ್ಲ, ಗುರುಗಳೇ. ಪಾಪ, ಇನ್ನೊಬ್ಬರ ಮಾತು ತಿದ್ದುವುದಕ್ಕೆ ಇದಕ್ಕಿನ್ನೂ ಬರುವುದಿಲ್ಲ."