ಕಾಡು ನೋಡುವ ಆಸೆ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ, ನಿಮ್ಮಲ್ಲೇ ಇರಲಿ. ನಾನು ಬೇಟೆಗಾರ ಕೆಂಚಪ್ಪನ ಮನೆಯ ಹಳೇ ಬತ್ತಳಿಕೆ, ಕಂಡದ್ದನ್ನೇ ಹೇಳೋಳು. ಬಿಲ್ಲು ಅಲುಗಾಡದಿರಲಿ ಅಂತ ಅದರ ಮುಂದೆ ಸಿಕ್ಕಿಸೋ ತೂಕದ ಕೋಲು ಇದೆಯಲ್ಲ, ನನ್ನ ಪಕ್ಕದ ಗೂಟದವಳು, ಅವಳ ಸುದ್ದಿ. ಹಿತ್ತಲಲ್ಲಿ ಬಾಳೆದಿಂಡಿಗೆ ಗುರಿ ಇಡುವಾಗ ನಮ್ಮ ಬಿಲ್ಲಿಗೆ, ಬಿಲ್ಲಪ್ಪ ಅಂತೀವಿ ನಾವು, ಅವಳಿಲ್ಲದೆ ಆಗಲ್ಲ. ಕಾಡಿಗೆ ಹೊರಟರೆ ಮಾತ್ರ ಅವಳ ಗುರುತೇ ಇಲ್ಲ, ಬಿಚ್ಚಿಟ್ಟು ಹೋಗ್ತಾನೆ.

"ನನ್ನನ್ನೂ ಒಂದು ಸಲ ಕರ್ಕೊಂಡು ಹೋಗಿ" ಅಂತ ಅವಳು ಗೋಗರೆದು ಗೋಗರೆದು, ಮೊನ್ನೆ ಕರೆದೊಯ್ದ. ಕಾಡುಹಂದಿ ಎದುರಿಗೇ ಬಂತು. ಬಿಲ್ಲು ಆ ಕಡೆ ತಿರುಗಿದ್ದೇ ತಡ, ಮುಂದಕ್ಕೆ ಚಾಚಿಕೊಂಡಿದ್ದ ಇವಳು ಲಂಟಾನದ ಪೊದೆಗೆ ಸಿಕ್ಕಿಕೊಂಡಳು. ಪೊದೆಯೆಲ್ಲ ಅಲ್ಲಾಡಿತು, ಹಂದಿ ಓಡಿತು.

"ನೀನು ಹಿತ್ತಲಿಗೇ ಸರಿ" ಅಂದುಬಿಟ್ಟ ಬಿಲ್ಲಪ್ಪ, ನಮ್ಮೆಲ್ಲರ ಎದುರಿಗೇ.

ಮನೆಗೆ ಬಂದ ಮೇಲೆ ನಾನು ಬಿಡ್ತೀನಾ? "ಏನಮ್ಮ, ಕಾಡಿನ ಆಸೆ ತೀರಿತಾ?" ಅಂದೆ.

ಅವಳು ನನ್ನ ಮುಖ ನೋಡಿಯೇ ಹೇಳಿದಳು: "ಇಲ್ಲ ಅಜ್ಜಿ. ಆ ಪೊದೆಯ ತುಂಬಾ ಹೂ ಇತ್ತು. ನೀವು ಇಷ್ಟು ವರ್ಷ ಹೋಗಿಬಂದ್ರಿ, ಒಂದು ದಿನವೂ ಅದನ್ನು ನನಗೆ ಹೇಳಲಿಲ್ಲವಲ್ಲ."