ಜಠರದ ಮನೆಯ ಹಿರಿಯ

ಮೆಣಸಿನಕಾಯಿ ವ್ಯಾಪಾರಿ ಚನ್ನವೀರಪ್ಪನ ಜಠರದ ಗೋಡೆಯಲ್ಲಿ ಜೀವಕೋಶಗಳಿಗೆ ಒಂದು ಕಟ್ಟಳೆಯಿತ್ತು. ನಾಲ್ಕು ದಿನ ದುಡಿದ ಕೋಶ ಐದನೆಯ ದಿನ ಕಳಚಿಕೊಂಡು ಹೊಸದಕ್ಕೆ ಜಾಗ ಬಿಡಬೇಕು.

ಆಗಷ್ಟೇ ಹುಟ್ಟಿದ ಒಂದು ಕೋಶ, ಲೋಳೆಯ ಅಡಿಯಲ್ಲಿ ಸುರುಳಿ ಸುತ್ತಿ ಕುಳಿತಿದ್ದ ಬ್ಯಾಕ್ಟೀರಿಯಾವನ್ನು ಕಂಡು ಕೇಳಿತು: "ನೀನು ಯಾರು?"

"ಈ ಮನೆಯ ಹಿರಿಯ. ಚನ್ನವೀರಪ್ಪ ಐದು ವರ್ಷದವನಿದ್ದಾಗ ಬಂದೆ. ನಿನ್ನಂಥವರ ನಾಲ್ಕು ಸಾವಿರ ತಲೆಮಾರು ಕಂಡಿದ್ದೇನೆ."

ವಯಸ್ಸು ಕೇಳಿದ್ದೇ ತಡ, ಕೋಶ ತಲೆಬಾಗಿತು. ಏಕೆ ಬಂದಿರಿ ಎಂದು ಮಾತ್ರ ಕೇಳಲಿಲ್ಲ. "ಅಪ್ಪಣೆಯಾಗಲಿ, ಹಿರಿಯರೇ."

"ನಾನು ಇಷ್ಟು ಕಾಲ ಉಳಿದಿರುವಾಗ ನೀನೇಕೆ ಸಾಯಬೇಕು? ಉಳಿದುಬಿಡು."

ಐದನೆಯ ದಿನ ನೆರೆಯ ಕೋಶಗಳೆಲ್ಲ ಕಳಚಿಕೊಂಡವು. ಇದು ಕದಲಲಿಲ್ಲ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹುಟ್ಟಿದ್ದೊಂದೂ ಸಾಯಲಿಲ್ಲ. ಅವು ಗಡ್ಡೆಗಟ್ಟಿದ ಕಡೆ ಜಠರದ ಆಮ್ಲ ಬತ್ತಿತು, ಲೋಳೆ ಒಣಗಿತು. ಹಿರಿಯನಿಗೆ ಕೂರಲೂ ಜಾಗವಿಲ್ಲದಾಯಿತು.

"ದಾರಿ ಬಿಡಿ," ಎಂದಿತು ಬ್ಯಾಕ್ಟೀರಿಯಾ.

ಒಂದೇ ಮುಖದ ಸಾವಿರಾರು ಕೋಶಗಳು ಒಂದೇ ದನಿಯಲ್ಲಿ ಕೇಳಿದವು: "ನೀನು ಯಾರು?"

ಹೊರಗೆ ಚನ್ನವೀರಪ್ಪ ಅರ್ಧ ರೊಟ್ಟಿಗೇ ತಟ್ಟೆ ಸರಿಸಿ ಹೆಂಡತಿಗೆ ಹೇಳಿದ: "ನೀಲವ್ವ, ಎದಿ ಉರಿಯೂದು ನಿಂತೇ ಹೋತು ನೋಡು. ಇನ್ನ ಡಾಕ್ಟರ್ ಕಡೆ ಯಾಕ ಹೋಗೂದು?"

"ದೇವರು ಕಣ್ಣು ಬಿಟ್ಟ ನೋಡ್ರಿ," ಎಂದು ನೀಲವ್ವ ಕೈಮುಗಿದಳು.

ಒಳಗೆ ಅಂದು ಮತ್ತೆ ಐದನೆಯ ದಿನ. ಯಾರೂ ಹೊರಡಲಿಲ್ಲ.