ತೊಟ್ಟಿಲು ಸರಿಸದ ಸಂಜೆ

ಒಂದಾನೊಂದು ಊರಿನಲ್ಲಿ, ಅಂದರೆ ಊರು ಇನ್ನೂ ಇದ್ದಲ್ಲೇ ಇದ್ದ ಕಾಲದಲ್ಲಿ, ನೆಟ್ಟಗಪ್ಪ ಅಂತ ಒಬ್ಬ ರಾಜನಿದ್ದ. ಅವನಿಗೆ ಸ್ಥಾನಪಲ್ಲಟದ ಹುಚ್ಚು. ನೀವು ಎಷ್ಟು ದೂರ ನಡೆದಿರಿ ಅಂತ ಕೇಳುತ್ತಲೇ ಇರಲಿಲ್ಲ. ಬೆಳಿಗ್ಗೆ ಎಲ್ಲಿದ್ದಿರಿ, ಸಂಜೆ ಎಲ್ಲಿದ್ದೀರಿ, ನಡುವೆ ನೆಟ್ಟಗೆ ಹಗ್ಗ ಹಿಡಿದರೆ ಎಷ್ಟು? ಅಷ್ಟೇ ಲೆಕ್ಕ. ಊರೆಲ್ಲ ಸುತ್ತಿ ಮನೆಗೆ ಬಂದರೆ ಸೊನ್ನೆ. ಸೊನ್ನೆಯವರು ಕದಲಲೇ ಇಲ್ಲ. ಕದಲದ್ದು ಕಲ್ಲು ತಾನೇ? ಹಗ್ಗ "ಸೊನ್ನೆ" ಅಂದ ಕೂಡಲೇ ಅವರು ಕಲ್ಲಾಗುತ್ತಿದ್ದರು.

ಹೌದು, ಹಗ್ಗಕ್ಕೆ ಬಾಯಿತ್ತು. ಮುಸ್ಸಂಜೆಗೆ ಅರಮನೆಯ ಗೂಟದಿಂದಿಳಿದು ಸರಸರ ಬರುತ್ತಿತ್ತು. ಜನ ಹೆದರಿ ಸ್ವಂತ ಮನೆಗೆ ಹೋಗುವುದನ್ನೇ ಬಿಟ್ಟರು. ಇವರ ಮನೆಯಲ್ಲಿ ಅವರು ಉಂಡರು, ಅವರ ಮನೆಯಲ್ಲಿ ಇವರು ಮಲಗಿದರು.

ಮಜ್ಜಿಗೆ ಮಾರುವ ಸಂಕವ್ವ ಎಲ್ಲಿಗೆ ಹೋದಾಳು? ಅತ್ತೆ ಆಗಲೇ ಜಗಲಿಯ ಮೇಲೆ ಕಲ್ಲಾಗಿದ್ದಳು. ಮನೆಯಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಕೂಸು. ಕೈಯಲ್ಲಿ ಮಜ್ಜಿಗೆ ಕಡೆಯುತ್ತಾ, ಕಾಲಿನಿಂದ ತೊಟ್ಟಿಲು ತೂಗುತ್ತಾ ಇರುತ್ತಿದ್ದಳು. ಸಂಜೆಯಾಗುತ್ತಲೇ ತೊಟ್ಟಿಲು ಬಿಚ್ಚಿ ಪಕ್ಕದ ತೊಲೆಗೆ ಕಟ್ಟಿ, ತಾನೂ ಸರಿದು ಕೂರುತ್ತಿದ್ದಳು. ಹಾಗೆ ಇಬ್ಬರೂ ಉಳಿದಿದ್ದರು.

ಒಂದು ದಿನ ಕೂಸಿಗೆ ಜ್ವರ. ಅತ್ತು ಅತ್ತು ಸಂಜೆಗೆ ಕಣ್ಣು ಮುಚ್ಚಿತು. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಂದು ಗಳಿಗೆ ಮಲಗಲಿ ಅಂದುಕೊಂಡು ತಾನಷ್ಟೇ ಸರಿದು ಕೂತಳು. ಅಷ್ಟರಲ್ಲಿ ಹೊಸ್ತಿಲ ಮೇಲೆ ಸರಸರ.

ಹಗ್ಗ ಅವಳನ್ನು ಅಳೆಯಿತು. "ನೀ ಎರಡು ಮೊಳ ಸರದಿ. ಕೂಸು?"

ಸಂಕವ್ವ ತೊಟ್ಟಿಲಿಗೆ ಅಡ್ಡ ಬಂದಳು. "ಎಪ್ಪಾ ಹಗ್ಗಪ್ಪಾ, ಮುಂಜಾನಿಂದ ತೂಗೇನಿ. ಎಷ್ಟು ಸಲ ಆಕಡೆ ಹೋತು, ಎಷ್ಟು ಸಲ ಈಕಡೆ ಬಂತು!"

"ಹೋದದ್ದೆಲ್ಲಾ ಬಂದೈತಲ್ಲವ್ವಾ. ಅಂದ್ರ ಸೊ..."

"ತಡಿ!" ಅವಳು ಹಗ್ಗದ ಬಾಯಿ ಹಿಡಿದಳು. "ಮುಂಜಾನೆ ನೀ ಎಲ್ಲಿದ್ದಿ?"

"ಅರಮನಿ ಗೂಟದಾಗ."

"ಅಳದ ಮ್ಯಾಲೆ ಎಲ್ಲಿ ಹೋಗ್ತಿ?"

"ಅದ... ಗೂಟಕ್ಕ."

"ಹಂಗಾದ್ರ ನಿಂದೆಷ್ಟು?"

ಹಗ್ಗ ತನ್ನ ತುದಿಯನ್ನು ಬುಡಕ್ಕೆ ಹಿಡಿದು ನೋಡಿಕೊಂಡಿತು. ಎಳೆ ಎಳೆಯೂ ನಡುಗಿತು. ಇಷ್ಟು ದಿನ ಅದನ್ನು ಅಳೆಯುವವರೇ ಇರಲಿಲ್ಲ.

"ಅನ್ನಬ್ಯಾಡವ್ವಾ! ನಾ ಆ ಗೂಟಕ್ಕ ಹೋಗಂಗಿಲ್ಲ. ಇಲ್ಲೇ ಇರ್ತೀನಿ."

"ಇರು," ಎಂದಳು ಸಂಕವ್ವ. ಅದರಿಂದಲೇ ತೊಟ್ಟಿಲನ್ನು ಪಕ್ಕದ ತೊಲೆಗೆ ಬಿಗಿದಳು. ಕೂಸು ಏಳಲಿಲ್ಲ. ಹಗ್ಗ ತಾನೇ ತೂಗತೊಡಗಿತು, ಹೆದರಿಕೊಂಡೇ.

ಗೂಟದ ಪಕ್ಕ ಹಗ್ಗಕ್ಕೆ ಕಾಯುತ್ತಾ ನಿಂತ ರಾಜ ನಿಂತೇ ಇದ್ದಾನೆ. ಅಳೆಯುವವರಿಲ್ಲದೆ ಅವನು ರಾಜನೋ ಕಲ್ಲೋ ಇವತ್ತಿಗೂ ಗೊತ್ತಾಗಿಲ್ಲ. ಜಗಲಿಯ ಮೇಲಿನ ಅತ್ತೆ ಮಾತ್ರ ಕಲ್ಲೇ. ಸಂಕವ್ವ ಈಗಲೂ ಸಂಜೆಯಾದರೆ ತೊಟ್ಟಿಲು ಸರಿಸುತ್ತಾಳೆ. ಅಂಥ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಕತೆ ತೊಟ್ಟಿಲಿನಿಂದ ಹೊರಟು ತೊಟ್ಟಿಲಿಗೇ ಬಂತು. ಅಂದಮೇಲೆ ನಾನು ಹೇಳಲೂ ಇಲ್ಲ, ನೀವು ಕೇಳಲೂ ಇಲ್ಲ. ಏಳುವಾಗ ಮಾತ್ರ ಕೂತಲ್ಲಿಂದ ಒಂದಿಷ್ಟು ಸರಿದು ಏಳಿ.